ಸೋರಿಕೆ

ಕೀಲಿ ತಿರುವಿದರೆ ಕಟ್ ಕಟ್ ಕಟ್.
ಗೋಡೆಯ ಹಲ್ಲಿ ಮೂರು ಸಲ ನುಡಿದು ಸುಮ್ಮನಾಗುತ್ತದೆ,
ಇದು ಮೂವತ್ತು ಸಲ.

ನಾಲ್ಕು ದಿನದಿಂದ ಹೀಗೇ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುವ ಹೊತ್ತಿಗೆ
ನಮ್ಮ ತೊಂಬತ್ತೇಳನೇ ಇಸವಿಯ ಮಾರುತಿ
ಬೀದಿಯ ಹುಡುಗರ ಕೈಲಿ ತಳ್ಳಿಸಿಕೊಳ್ಳುತ್ತಿತ್ತು
ಒಲ್ಲದ ಮದುಮಗನ ಹಾಗೆ.

"ಬ್ಯಾಟರಿ ಸತ್ತಿದೆ, ಹೊಸದು ಹಾಕಿಸ್ತೀನಿ" ಅಂದರು ನಮ್ಮವರು.
"ಸತ್ತಿದೆ ಅನ್ನೋಕೂ ನಾಡಿ ನೋಡ್ಬೇಕು, ತಡಿ ಪಿಳ್ಳಣ್ಣ"
ಅಂದ ಬಾಬಾಜಾನ್.

ಬಾನೆಟ್ಟೆತ್ತಿ ಮೊದಲು ಮೂಸಿದ.
ಟರ್ಮಿನಲ್ಲಿಗೆ ಹಸಿರು ಬಿಳಿ ಬೂಷ್ಟು.
"ಒಂದು ಚೊಂಬು ಬಿಸಿನೀರು ಕೊಡಕ್ಕಾ."
ಗೂಡು ಬೇಯುವ ಬೇಸಿನ್ನಿನಿಂದಲೇ ಮೊಗೆದು ಕೊಟ್ಟೆ,
ಹುಳದ ವಾಸನೆ ಬ್ಯಾಟರಿಗೇನು ಗೊತ್ತು.
ಬೂಷ್ಟು ನೊರೆಗಟ್ಟಿ ಕರಗಿತು.
ಕೀಲಿಗೆ ಮತ್ತೆ ಅದೇ ಹಲ್ಲಿ.

"ಹೆಡ್‌ಲೈಟು ಹಾಕಿ ತಿರುವಣ್ಣ."
ದೀಪ ಎರಡೂ ತೂಕಡಿಸಿ ಕಣ್ಣು ಮುಚ್ಚಿದವು.
"ದೀಪ ಉರೀತಾನೇ ಇದ್ದಿದ್ರೆ ಸ್ಟಾರ್ಟರನ್ನ ಬಯ್ಬೋದಿತ್ತು.
ಇದು ಹೊಟ್ಟೆ ಖಾಲಿ."

ಆರು ಬಿರಡೆ ಬಿಚ್ಚಿ
ಆರು ಬಾವಿಗೂ ಗಾಜಿನ ಕೊಳವೆ ಇಳಿಸಿದ.
ಬೆಂಡು ಆರರಲ್ಲೂ ಒಂದೇ ಆಳಕ್ಕೆ ಮುಳುಗಿತು.
"ಒಂದು ಬಾವಿ ಕೆಟ್ಟಿದ್ರೆ ಬ್ಯಾಟರಿ ತಪ್ಪು.
ಆರೂ ಸಮನಾಗಿ ಸೊರಗಿದ್ರೆ
ಯಾರೋ ಕುಡೀತಾವ್ರೆ."

ತನ್ನ ಟೆಂಪೋದಿಂದ ತಂತಿ ಎಳೆದು ಎಬ್ಬಿಸಿದ,
ಮೀಟರಿನಲ್ಲಿ ಹದಿನಾಲ್ಕು ಚಿಲ್ಲರೆ.
"ದುಡಿದು ತರೋದ್ರಲ್ಲಿ ಕಮ್ಮಿ ಇಲ್ಲ,
ಖರ್ಚಿನ ಲೆಕ್ಕ ನೋಡ್ಬೇಕು."
ನಮ್ಮವರು ಫೋನು ಬಂತೆಂದು ಆಚೆ ಹೋದರು.

ಆಮೇಲೆ ಎಂಜಿನ್ ಆರಿಸಿ, ಬಾಗಿಲು ಮುಚ್ಚಿ,
ಒಂದು ವೈರು ಕಳಚಿ, ನಡುವೆ ಪುಟಾಣಿ ಬಲ್ಬು ಸಿಕ್ಕಿಸಿ
ಕಾದು ಕೂತ.
ಎಲ್ಲಾದರೂ ಸೋರುತ್ತಿದ್ದರೆ ಬಲ್ಬು ಹೊತ್ತಬೇಕು.
ಹೊತ್ತಲಿಲ್ಲ.
ನಾನು ಗೂಡಿನಲ್ಲಿ ಎಳೆಯ ತುದಿ ಹುಡುಕುವಾಗ ಹೀಗೇ
ಉಸಿರು ಬಿಗಿಹಿಡಿದಿರುತ್ತೇನೆ.

ಒಳಗೆ ಬಗ್ಗಿ ನೋಡಿದ.
ಹಿಂದಕ್ಕೆ ಒರಗಿಸಿದ ಎಡಗಡೆಯ ಸೀಟು,
ಕಾಲಡಿಯಲ್ಲಿ ಕಡಲೆಕಾಯಿ ಸಿಪ್ಪೆ,
ಒಂದು ಕಪ್ಪು ಹೇರ್‌ಪಿನ್ನು.
ಮೇಲೆ ಗೂಡಿನಂಥ ದೀಪದ ಗಾಜು, ಬಿಸಿಗೆ ಕಂದಿದ್ದು.
ಪಿನ್ನು ನೋಡಿದ. ನನ್ನ ತಲೆ ನೋಡಲಿಲ್ಲ.

ಏನು ಹೇಳಲಿ.
ಎರಡು ಕೋಣೆ, ಏಳು ಜನ, ಹಗಲೆಲ್ಲ ಚರಕದ ಗರಗರ,
ರಾತ್ರಿ ಟಿವಿಯ ಗರಗರ.
ಎಲ್ಲರೂ ಮಲಗಿದ ಮೇಲೆ ಕಾರಿನ ಗಾಜು ಏರಿಸಿದರೆ
ಊರು ನಿಲ್ಲುತ್ತದೆ.
ಕತೆ ಪುಸ್ತಕ ಓದುವವಳಲ್ಲ, ಅಳುವವಳೂ ಅಲ್ಲ.
ನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳನ್ನು
ಆ ಹಳದಿ ಬೆಳಕಿಗೆ ಹಿಡಿದು
ಒಂದೊಂದಾಗಿ ನೋಡುತ್ತೇನೆ.
ಕಡಲೆಕಾಯಿ ಸುಲಿಯುತ್ತೇನೆ.
ಮೊದಮೊದಲು ಹತ್ತು ನಿಮಿಷ.
ಈಚೆಗೆ ಒಂದು ಗಂಟೆಯೂ, ಎರಡೂ.

"ಏನಂತೆ ರೋಗ?" ನಮ್ಮವರು ಬಂದರು.
ಬಾಬಾಜಾನ್ ಸ್ಪ್ಯಾನರು ಒರೆಸಿಕೊಂಡ.
"ಬೂಷ್ಟು ಅಣ್ಣ. ಬರೀ ಬೂಷ್ಟು.
ಚಾರ್ಜಿಗೆ ಇಟ್ಕೊಂಡು ನಾಳೆ ತಂದ್ಕೊಡ್ತೀನಿ."

ಮಾರನೇ ದಿನ ಬ್ಯಾಟರಿ ಕೂರಿಸುವಾಗ
ಜೇಬಿನಿಂದ ಎಲ್ಇಡಿ ತೆಗೆದು ಮೇಲಿನ ಗಾಜಿನೊಳಗೆ ಒತ್ತಿದ.
ಬಿಲ್ಲಿನಲ್ಲಿ ಬರೆಯಲಿಲ್ಲ.
"ಇದು ಕುಡಿಯೋದು ಕಮ್ಮಿ ಕಣಕ್ಕಾ" ಅಂದ,
ಬಾನೆಟ್ಟಿಗೆ ಹೇಳಿದ ಹಾಗೆ.

ಹೊಸ ಬೆಳಕು ಬಿಳಿ, ಸ್ವಲ್ಪ ಆಸ್ಪತ್ರೆ.
ಬೆರಳುಗಳು ಇನ್ನೂ ಬಿಳಿಚಿ ಕಾಣುತ್ತವೆ. ಒಗ್ಗಿಕೊಳ್ಳಬೇಕು.

ಕಾರು ಈಗ ಒಂದೇ ತಿರುವಿಗೆ ಏಳುತ್ತದೆ.
ಪ್ರತಿ ಭಾನುವಾರ ನಮ್ಮವರು
ನನ್ನ ಬೇಸಿನ್ನಿನಿಂದ ಒಂದು ಚೊಂಬು ಬಿಸಿನೀರು ಒಯ್ದು
ಟರ್ಮಿನಲ್ಲಿಗೆ ಅಭಿಷೇಕ ಮಾಡುತ್ತಾರೆ,
ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ
ಬೂಷ್ಟಿನ ವಿಚಾರ ಹೇಳುತ್ತಾರೆ.