ನಡಾವಳಿಯ ಕರಡು

ಬೆಳಿಗ್ಗೆ ಇದೇ ಮೇಜು, ಇದೇ ಮೈಕು.
ಪಶ್ಚಿಮ ತೀರದ ಹೆರಿಗೆ ವಾರ್ಡು ಮುಚ್ಚಿದ ವಿಚಾರ.
ಸೂಲಗಿತ್ತಿ ಬ್ರಿಯೋನಿ ಲಕ್ ನಕ್ಷೆ ಹರಡಿ ತೋರಿಸಿದಳು,
ನೋವು ಬಂದವಳು ಬರ್ನಿ ಊರು ಮುಟ್ಟಲು ಎಷ್ಟು ತಿರುವು,
ಯಾವ ತಿರುವಿನಲ್ಲಿ ಕಾರು ನಿಲ್ಲಿಸಿ
ಟಾರ್ಚಿನ ಬೆಳಕಲ್ಲಿ ತಾನೊಂದು ಕೂಸನ್ನು ಹಿಡಿದದ್ದು.
ಸೆನೆಟರುಗಳು ತಲೆದೂಗಿದರು. ನಾನು ಬರೆದುಕೊಂಡೆ.
ತಲೆದೂಗಿದ್ದನ್ನು ಬರೆಯಲಿಲ್ಲ,
ಅದಕ್ಕೆ ನಮ್ಮಲ್ಲಿ ಚಿಹ್ನೆಯಿಲ್ಲ.

ಊಟದ ನಂತರ ದತ್ತು.
ಕುರ್ಚಿ ಅದೇ. ಬ್ರಿಯೋನಿ ಬಿಟ್ಟುಹೋದ ನೀರಿನ ಲೋಟವನ್ನೂ
ಯಾರೂ ಬದಲಿಸಿರಲಿಲ್ಲ.
ಬಂದು ಕೂತವಳು ನೋಲಾ ಟ್ರೆಗೆನ್ಝಾ. ಎಪ್ಪತ್ತೈದು.
ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಸವೆದ ಬೆರಳು
ಮಡಿಲಲ್ಲಿ ಒಂದರ ಮೇಲೊಂದು, ಸರದಿಗೆ ಕಾದಂತೆ.

'ಸಮ್ಮತಿಪತ್ರದಲ್ಲಿ ಇರುವುದು ನಿಮ್ಮ ರುಜುವೇ?'
ಅಧ್ಯಕ್ಷರು ಮೆತ್ತಗೇ ಕೇಳಿದರು.
ಅವಳು ಕನ್ನಡಕಕ್ಕೆ ಚೀಲವೆಲ್ಲ ತಡಕಿದಳು. ತಲೆಯ ಮೇಲಿತ್ತು.
'ಇದರಲ್ಲಿ ನನ್ನ ಹೆಸರಿಗೆ ಒಂದು ಅಕ್ಷರ ಕಡಿಮೆ, ಸಾರ್.
ಹದಿನೇಳಕ್ಕೇ ದಾರಿ ತಪ್ಪಿದವಳು ಅಂದರು ಎಲ್ಲರೂ.
ದಾರಿ ತಪ್ಪಿದ್ದೆನೇನೋ.
ಕಾಗುಣಿತ ತಪ್ಪಿರಲಿಲ್ಲ.'

ಆಮೇಲೆ ಹೇಳಿದ್ದು ಹೆಚ್ಚೇನಿಲ್ಲ.
ಅರವತ್ತೇಳರ ಜುಲೈ, ಗಾಜಿನ ಮೇಲೆ ಹಿಮ.
ಮುಖದೆದುರು ಹಿಡಿದ ದಿಂಬು, ದಿಂಬಿನಾಚೆ ಅಳು,
ಆ ಅಳು ಕಾರಿಡಾರಿನಲ್ಲಿ ಎಡಕ್ಕೆ ತಿರುಗಿದ್ದು.
'ಎಡಕ್ಕೇ. ಅಷ್ಟು ಗೊತ್ತು.'
ಹಾಲು ಇಂಗಲೆಂದು ಗುಳಿಗೆ, ಎದೆಗೆ ಬಿಗಿದ ಹಾಸುಬಟ್ಟೆ.
ಮೂರನೆಯ ದಿನ ಹಾಲು
ಯಾರ ಅಪ್ಪಣೆಯನ್ನೂ ಕೇಳದೆ ಇಳಿದು ಬಂತು.
ಹ್ಯಾಡೋ ಸಿಸ್ಟರ್ ಬಂದು ಬೈದದ್ದು
ಬಟ್ಟೆ ಹಾಳಾಯಿತೆಂದು.

'ಆಗಿನ ಕಾಲದ ಪದ್ಧತಿ...' ಅಂದ ಒಬ್ಬ ಸದಸ್ಯ.
ವಾಕ್ಯ ಮುಗಿಯದಿದ್ದರೆ ಮೂರು ಚುಕ್ಕಿ.
ಮೂರು ಚುಕ್ಕಿ ಇಟ್ಟೆ.

'ಹೆಸರೇನಾದರೂ ಇಟ್ಟಿದ್ದಿರಾ?'
ಮೂಲೆಯಲ್ಲಿದ್ದ ಸದಸ್ಯೆ, ಅಲ್ಲಿಯತನಕ ಬಾಯಿ ತೆರೆಯದವಳು.
ನೋಲಾ ಲೋಟ ಎತ್ತಿದಳು, ಕುಡಿಯಲಿಲ್ಲ, ಇಟ್ಟಳು.
ಲೋಟ ಮೇಜಿಗೆ ತಾಗಿದ ಸದ್ದಿನ ಕೆಳಗೆ ಏನೋ ಅಂದಳು.
ರಾತ್ರಿ ಆ ಜಾಗಕ್ಕೆ ಹನ್ನೊಂದು ಸಲ ಹಿಂದಿರುಗಿದೆ.
ಹನ್ನೊಂದು ಸಲವೂ ಗಾಜು.
ಬರೆದೆ: (ಕೇಳಿಸಲಿಲ್ಲ).

ಕರಡು ಸಾಕ್ಷಿಯ ಮನೆಗೆ ಹೋಗುತ್ತದೆ, ತಿದ್ದಲು ಹತ್ತು ದಿನ.
ಇಲಾಖೆಯವರು ಅಂಕಿ ತಿದ್ದುತ್ತಾರೆ,
'ನಾವು ಮಾಡಿದೆವು' ಇದ್ದಲ್ಲಿ 'ಮಾಡಲಾಯಿತು' ಬರೆಯುತ್ತಾರೆ.
ನೋಲಾಳ ಲಕೋಟೆ ಒಂಬತ್ತನೆಯ ದಿನ ಬಂತು.
ಇಪ್ಪತ್ತೆಂಟು ಪುಟಕ್ಕೆ ಒಂದೇ ತಿದ್ದುಪಡಿ:
ಕಂಸವನ್ನು ಹೊಡೆದುಹಾಕಿ, ಮೇಲೆ ಪೆನ್ಸಿಲಿನಲ್ಲಿ,
ಗೆರೆಕಾಪಿಯಲ್ಲಿ ಬರೆಯುವ ಹುಡುಗಿಯ ಹಾಗೆ
ದುಂಡಗೆ, ಒಂದು ಹೆಸರು.

ಇನ್ನೊಂದು ನಿಯಮವಿದೆ.
ದತ್ತು ಹೋದವರ ಗುರುತು ಅಚ್ಚಾಗುವ ಪ್ರತಿಯಲ್ಲಿ ಇರಕೂಡದು.
ಒಳ್ಳೆಯ ನಿಯಮವೇ. ಎಲ್ಲೋ ಒಬ್ಬ, ಐವತ್ತೆಂಟರ ಗಂಡಸು,
ಬೇರೆ ಹೆಸರಿಗೆ ಓಗೊಡುತ್ತ
ಹಿತ್ತಲ ಹುಲ್ಲು ಕತ್ತರಿಸುತ್ತಿರಬಹುದು, ಇದಾವುದೂ ಬೇಡವಾಗಿ.
ಕಪ್ಪು ಪಟ್ಟಿ ಎಳೆಯುವ ಕೆಲಸ ನನ್ನದು.
ದಿಂಬು ಹಿಡಿದ ಆ ಕೈಗೂ
ಒಂದು ನಿಯಮ ಇದ್ದಿರಬೇಕು.

ನಮ್ಮ ಪಟ್ಟಿಗಳೆಲ್ಲ ಒಂದೇ ಅಳತೆ,
ಮರೆಸಿದ್ದು ಎಷ್ಟು ಉದ್ದವೆಂದು ಓದುವವರಿಗೆ ತಿಳಿಯಬಾರದು.
ಇದೊಂದನ್ನು ಅಕ್ಷರ ಎಣಿಸಿ ಎಳೆದೆ.
ಎಳೆಯುವ ಮುನ್ನ ಕೋಣೆಯ ಬಾಗಿಲು ಹಾಕಿ,
ಕಿವಿಯ ಮೇಲಿನದನ್ನು ತೆಗೆದಿಟ್ಟು,
ಒಮ್ಮೆ ಅಂದೆ, ಕೇಳಿಸುವಷ್ಟು ದನಿಯಲ್ಲಿ.

ಪುಟ ಹತ್ತೊಂಬತ್ತು, ಆರನೆಯ ಸಾಲು.