ಐದನೇ ಅಂಕ

ನಾಲ್ಕು ಅಂಕ ನನಗೆ ಬಾಯಿಪಾಠ.
ವಿರಾಜಪೇಟೆಯ ಹಳೇ ಹಾಲಿನಲ್ಲಿ, ಎಡಗಡೆ ಪರದೆಯ ಮರೆಗೆ
ಒಂದು ಸ್ಟೂಲು, ಪೆನ್ ಟಾರ್ಚು, ಹೊಲಿಗೆ ಬಿಟ್ಟ ನಾಟಕದ ಪುಸ್ತಕ.
ಹನ್ನೊಂದು ವರ್ಷದಿಂದ ಇದೇ ಜಾಗ.
ಮರೆತವರಿಗೆ ಮಾತು ಎತ್ತಿಕೊಡುವವಳು ನಾನು.
ಚಪ್ಪಾಳೆ ಇಲ್ಲಿಯ ತನಕ ಬರುವುದಿಲ್ಲ, ಬರಬೇಕೆಂದೂ ಇಲ್ಲ.

ಐದನೆಯದು ಮಾತ್ರ ಮೋಸ ಅನಿಸುತ್ತಿತ್ತು.
ಗಂಡುವೇಷದವಳು ಪೇಟ ಕಿತ್ತು ಜಡೆ ಇಳಿಬಿಡುತ್ತಾಳೆ,
ಕಾಶಿಯಲ್ಲಿ ಸತ್ತನೆಂದ ಅಪ್ಪ ಬಾಗಿಲಲ್ಲಿ ಕೆಮ್ಮುತ್ತಾನೆ,
ಕಳ್ಳಪತ್ರ ಬರೆದವನಿಗೆ ಕ್ಷಮೆ,
ಕದ್ದು ಓದಿದವಳಿಗೆ ಗಂಡ.
ಒಂದೇ ಪುಟದಲ್ಲಿ ಮೂರು ಮದುವೆ!
ಅಷ್ಟು ಹೊತ್ತು ಬಿಗಿದ ಗಂಟನ್ನು
ಬರೆದ ಪುಣ್ಯಾತ್ಮ ಹಲ್ಲಲ್ಲಿ ಕಚ್ಚಿ ಬಿಚ್ಚಿದ ಹಾಗೆ.
ನಮ್ಮಲ್ಲಿ ಒಂದು ಮೊಳ ಬೇಲಿಗೆ
ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ.

ಬಿದ್ದಪ್ಪ ಮೇಷ್ಟ್ರನ್ನು ಕೇಳಿದೆ.
ನಶ್ಯ ಏರಿಸಿ, ಮೂಗೊರೆಸಿಕೊಂಡು,
"ಹತ್ತು ಗಂಟೆಗೆ ಕೊನೇ ಬಸ್ಸು ದೇಚಮ್ಮ,
ಮುಗಿಸಬೇಡವಾ?" ಅಂದರು.

ಮೇ ತಿಂಗಳಲ್ಲಿ ಕಾಕೋಟುಪರಂಬಿನಲ್ಲಿ ತಂಗಿಯ ಮಗಳ ಮದುವೆ.
ನೀರು ತರುವ ಶಾಸ್ತ್ರ.
ಬಾವಿಯಿಂದ ಹೊಸ್ತಿಲಿಗೆ ಎಪ್ಪತ್ತು ಹೆಜ್ಜೆ ಇರಬಹುದು.
ತಲೆಯ ಮೇಲೆ ಬಿಂದಿಗೆ ಹೊತ್ತು ಅವಳು,
ಎದುರಿಗೆ ವಾಲಗ, ವಾಲಗಕ್ಕೆ ಗಂಡಿನ ಕಡೆಯವರ ಕುಣಿತ.
ದಾರಿ ಬಿಡುವುದೇ ಇಲ್ಲ.
ಒಂದು ಹೆಜ್ಜೆ ಸರಿದರೆ ಮತ್ತೆ ಅಡ್ಡ ಬರುತ್ತಾರೆ.
ಎರಡು ಗಂಟೆ. ಕುತ್ತಿಗೆ ನಡುಗಿ, ನೀರು ತುಳುಕಿ,
ಹೆಗಲ ಮೇಲೆ ಕೆಂಪು ರೇಷ್ಮೆ ಕಪ್ಪಾಯಿತು.
ಹುಡುಗಿ ಮಾತ್ರ ತುಟಿ ಕಚ್ಚಿ ನಗುತ್ತಿದ್ದಾಳೆ!

ಒಳಗೆ ಹೋಗೇ ಹೋಗುತ್ತಾಳೆಂದು ಎಲ್ಲರಿಗೂ ಗೊತ್ತು.
ಗೊತ್ತಿರುವುದರಿಂದಲೇ ಕುಣಿತ.
ಗೊತ್ತಿಲ್ಲದೆ ಅಡ್ಡ ನಿಂತರೆ ಅದು ಬೇಲಿಯ ಜಗಳ.

ಅಷ್ಟು ಅರ್ಥವಾಯಿತು ಅಂದುಕೊಳ್ಳುವಾಗ
ಬಾವಿಕಟ್ಟೆಯ ಹತ್ತಿರ ಮಾಚಯ್ಯ ಕಂಡ.
ನಾಟಕದಲ್ಲಿ ಪ್ರತಿಸಲ ಏಮಾರುವ ಮುದಿಯಜಮಾನ ಇವನೇ.
ಕುಣಿಯುವವರ ವಾಚು, ಕನ್ನಡಕ, ಮೊಬೈಲು
ಎರಡೂ ಕೈತುಂಬ ಹಿಡಿದು ನಿಂತಿದ್ದ.
ಅವನಿಗೂ ಒಂದು ಸಲ ಮದುವೆಯ ಮಾತು ನಡೆದಿತ್ತು.
ಯಾರ ಜೊತೆ ಅನ್ನುವುದು ಇಲ್ಲಿ ಬೇಡ.

ಪುತ್ತರಿ ಕಳೆದ ವಾರ ಆಟ.
ಮೂರು ಜೋಡಿ ಸಾಲಾಗಿ ನಿಂತವು.
ಈಗ ಯಜಮಾನನ ಮಾತು, ನಾಟಕದಲ್ಲಿ ಕೊನೆಯದು:
"ಸರಿ, ನಾನು ಹೋಗಿ ದೀಪ ಹಚ್ಚುತ್ತೇನೆ."
ಕೆಳಗೆ ಕಂಸದಲ್ಲಿ, ಎಲ್ಲರೂ ನಗುವರು.

ಮಾಚಯ್ಯ ಮಾತಾಡಲಿಲ್ಲ.
ಒಂದು ಜೋಡಿಯನ್ನು ನೋಡಿದ, ಇನ್ನೊಂದನ್ನು ನೋಡಿದ.
ಹಾಲಿನಲ್ಲಿ ಯಾರೋ ನಗಲು ಶುರುಮಾಡಿ
ನಡುವೆ ಬಿಟ್ಟರು.
ಒಂದಕ್ಷರ ಪಿಸುಗುಟ್ಟಿದರೆ ಸಾಕಿತ್ತು, ನನ್ನ ಕೆಲಸವೇ ಅದು.
ಟಾರ್ಚು ಆರಿಸಿದೆ.

ಆಮೇಲೆ ಅವನು "ಸರಿ" ಅಂದ.
ಅಷ್ಟೇ ಅಂದು ದೀಪದ ಕಡೆ ನಡೆದ.
ಆಗ ಬಂತು ನಗು, ಹಿಂದಿನ ಬೆಂಚಿನಿಂದ, ಮೆಲ್ಲಗೆ,
ಮನೆಯವರು ಮನೆಯವರನ್ನು ನೋಡಿ ನಗುವ ಹಾಗೆ.

ಪರದೆ ಬಿದ್ದ ಮೇಲೆ ಮರೆಗೆ ಬಂದು ಕೈ ಚಾಚಿದ.
ಅವನ ವಾಚು ನನ್ನ ಮುಷ್ಟಿಯಲ್ಲಿತ್ತು, ಬೆಚ್ಚಗೆ.
"ಮರೆತೆಯಾ?" ಕೇಳಿದೆ.
ವಾಚು ಕಟ್ಟಿಕೊಳ್ಳುತ್ತ ಗಂಟೆ ನೋಡಿದ.

ಹತ್ತೂ ಹತ್ತು.
ಬಸ್ಸು ಹೋಗಿತ್ತು.