ಕೂಗಳತೆ

ಮಿಲ್ಡುರಾದಿಂದ ಬ್ರೋಕನ್ ಹಿಲ್‌ಗೆ
ಕಾಗೆ ಹಾರಿದರೆ ಇನ್ನೂರ ಐವತ್ತು ಚಿಲ್ಲರೆ ಕಿಲೋಮೀಟರು.
ಕಾಗೆ ಯಾಕೆ ಹಾರೀತು, ನಡುವೆ
ಪಿಂಡವಿಡುವ ಒಂದು ಮನೆಯೂ ಇಲ್ಲ.
ಹಾರುವುದು ನಾನು,
ತಿಂಗಳ ಮೊದಲ ಮಂಗಳವಾರ,
ರೆಕ್ಕೆಗೊಂದು ಫ್ಯಾನಿನ ಮೂವತ್ತನಾಲ್ಕು ಸೀಟಿನ ವಿಮಾನದಲ್ಲಿ,
ಕಾಲಬಳಿ ಕಿವಿ ಪರೀಕ್ಷೆಯ ಪೆಟ್ಟಿಗೆ.

ಐವತ್ತೈದು ನಿಮಿಷ.
ಆದರೆ ಆ ಊರಿನ ಗಡಿಯಾರ
ಈ ಊರಿನದಕ್ಕಿಂತ ಅರ್ಧ ಗಂಟೆ ಹಿಂದೆ.
ಎಂಟಕ್ಕೆ ಹೊರಟವಳು
ಎಂಟೂ ಇಪ್ಪತ್ತೈದಕ್ಕೆ ಇಳಿದಿರುತ್ತೇನೆ.
ಸಂಜೆ ಮರಳುವಾಗ ಅದೇ ಗಾಳಿ, ಅದೇ ಕೆಂಪು ನೆಲ,
ಎಂಬತ್ತೈದು ನಿಮಿಷ!
ಬೆಳಿಗ್ಗೆ ಕೊಟ್ಟ ಕೈಗಡವನ್ನು
ಸಂಜೆ ತಪ್ಪದೆ ವಸೂಲಿ ಮಾಡುತ್ತದೆ ಆಕಾಶ.
ಬಡ್ಡಿ ಹಾಕುವುದಿಲ್ಲ, ಅಷ್ಟು ಪುಣ್ಯ.

ನನ್ನ ಅಜ್ಜಿಗೆ ಕಿಲೋಮೀಟರು ಬರುತ್ತಿರಲಿಲ್ಲ.
ಬಾವಿ ಒಂದು ಕೂಗಳತೆ, ಹಿಟ್ಟಿನ ಗಿರಣಿ ಎರಡು,
ಆಚೆಯದೆಲ್ಲ ಬುತ್ತಿ ಕಟ್ಟುವ ದೂರ.
ಮೈಸೂರಿನಲ್ಲಿ ಶ್ರವಣಶಾಸ್ತ್ರ ಓದುವಾಗ,
ಡೆಸಿಬೆಲ್ಲಿನ ಲೆಕ್ಕ ತಪ್ಪಿ ಹೊಡೆದುಹಾಕುವಾಗ ಹೊಳೆದಿತ್ತು,
ಅಜ್ಜಿ ಅಳೆದದ್ದು ಬರೀ ತನ್ನ ಗಂಟಲನ್ನಲ್ಲ.

ಲೆನ್ ಟ್ರೆವಾಸ್ಕಿಸ್, ಎಂಬತ್ತೊಂದು.
ಮೂವತ್ತಾರು ವರ್ಷ ನೆಲದಡಿ ಡ್ರಿಲ್ ಹಿಡಿದು
ಬೆಳ್ಳಿ, ಸೀಸ, ಸತುವು ಮೇಲೆ ಕಳಿಸಿ
ಕಿವಿಗಳನ್ನು ಕೆಳಗೇ ಬಿಟ್ಟು ಬಂದವನು.
ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದೆ.
ಒತ್ತಲಿಲ್ಲ.
ಒತ್ತಲಿಲ್ಲ.
ಗ್ರಾಫಿನ ಗೆರೆ ಗಣಿಯ ಲಿಫ್ಟಿನಂತೆ ಇಳಿಯಿತು.

"ಎಲ್ಲಿಂದ ಬರ್ತೀಯ?" ಕಿರುಚಿದ.
"ಮಿಲ್ಡುರಾ!" ನಾನೂ ಕಿರುಚಿದೆ.
"ಮೂರು ಗಂಟೆ ದಾರಿ, ಕಾಂಗರೂ ಅಡ್ಡ ಬರದಿದ್ದರೆ."
"ಕಾರಲ್ಲ, ವಿಮಾನ!"
ನಕ್ಕ. "ಅದು ನಿಂತು ಆರೇಳು ವರ್ಷ ಆಯ್ತಲ್ಲ ಮಗಳೇ.
ನಮ್ಮ ತಗಡಿನ ಮೇಲೇ ಹೋಗ್ತಿತ್ತು."

ವಾದಿಸಲಿಲ್ಲ ನಾನು.
ಗೋಡಂಬಿಯಷ್ಟು ಯಂತ್ರವೆರಡನ್ನು ಕಿವಿಯ ಹಿಂದೆ ಕೂರಿಸಿ
ಹಳೆ ರೇಡಿಯೋ ತಿರುವುವ ಹಾಗೆ ಹದ ಮಾಡಿದೆ.
ಮೊದಲು ಕೇಳಿಸಿದ್ದು ಅವನದೇ ಜಾಕೆಟ್ಟಿನ ಸರಬರ.
"ಇಷ್ಟು ಗಲಾಟೆಯಾ ನಾನು?"
ಹಿಡಿಸಿರಲಿಲ್ಲ.
ಬ್ಯಾಟರಿ ಬದಲಿಸುವುದನ್ನು ಎರಡು ಸಲ ತೋರಿಸಿ,
ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಟ್ಯಾಕ್ಸಿ ಬಂತು.

ತೂಕ ಸರಿದೂಗಲಿ ಎಂದು
ನನ್ನನ್ನು ಕೊನೆಯ ಸಾಲಿಗೆ ಕಳಿಸಿದರು.
ಕೆಳಗೆ ಅಗೆದು ಸುರಿದ ಕರಿಗುಡ್ಡ, ಸುತ್ತ ತಗಡಿನ ಸೂರುಗಳು,
ಯಾವುದು ಅವನದೋ.
ಕತ್ತಲಿಗೆ ಅರ್ಧ ಗಂಟೆ ತೆತ್ತು ಮನೆ ಸೇರಿದೆ.

ಮುಂದಿನ ತಿಂಗಳು ಬಂದ,
ಎಡಗಡೆಯದು ಸಿಳ್ಳೆ ಹೊಡೆಯುತ್ತದೆಂದು ದೂರು.
ಕುರ್ಚಿಯಲ್ಲಿ ಕೂತು, ಕಿರುಚದೆ,
"ಅವತ್ತು ನೀನು ಹೋದದ್ದು ಕೇಳಿಸ್ತು" ಎಂದ.
"ಚಹಾಕ್ಕೆ ನೀರಿಟ್ಟಿದ್ದೆ. ಒಲೆ ಆರಿಸದೆ ಹೊರಗೆ ಬಂದು ನಿಂತೆ.
ಕೈಗಡಿಯಾರ ನೋಡ್ಕೊಂಡೆ.
ಪೂರ್ತಿ ಅಡಗಲಿಕ್ಕೆ ನಾಲ್ಕು ನಿಮಿಷ."

ಎಡಗಡೆಯದನ್ನು ಬಿಚ್ಚಿ ದೀಪಕ್ಕೆ ಹಿಡಿದೆ.
ಗುಗ್ಗೆ ಕಟ್ಟಿತ್ತು, ಅಷ್ಟೆ.
ಒರೆಸಿ ಕೊಟ್ಟೆ.